ಕಯಾಕ್‌ನಲ್ಲಿ ಕೂತು ಬಾಸ್ ಹಿಡಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಹುಟ್ಟಿದ್ದು ಶ್ರೀರಂಗಪಟ್ಟಣದ ಹತ್ತಿರ. ಚಿಕ್ಕವನಿದ್ದಾಗ ಬಂಗಾರದೊಡ್ಡಿ ನಾಲೆಯ ಮೇಲೆ ಕೂತು ಬಿದಿರು ಕಡ್ಡಿಗೆ ಗಾಳ ಕಟ್ಟಿ ಮೀನು ಹಿಡಿದವನು. ಇಲ್ಲಿ ಶನಿವಾರ ಬೆಳಗಾದರೆ ಕಾರಿನ ಮೇಲೆ ಕಯಾಕ್, ಅಂದರೆ ಒಬ್ಬರು ಕೂತು ಹುಟ್ಟು ಹಾಕುವ ಸಣ್ಣ ದೋಣಿ, ಕಟ್ಟಿಕೊಂಡು ಬಾಸ್ ಮೀನು ಹಿಡಿಯಲು ಹೊರಡುತ್ತೇನೆ. ಕನ್ನಡ ಸಂಘದ ಊಟದ ಸಾಲಿನಲ್ಲಿ ನಿಂತಾಗ ಯಾರಾದರೂ ಈ ವಿಷಯ ಎತ್ತೇ ಎತ್ತುತ್ತಾರೆ. ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಅದಕ್ಕೆ ಒಂದು ಸಲ ಎಲ್ಲವನ್ನೂ ಬರೆದಿಡೋಣ ಅನ್ನಿಸಿತು. ಕಾನೂನಿನ ಮಾತೆಲ್ಲ ಟೆಕ್ಸಾಸ್‌ನದು. ಬೇರೆ ರಾಜ್ಯದಲ್ಲಿ ಇದ್ದೀರಾದರೆ ಅಲ್ಲಿಯದನ್ನು ನೋಡಿಕೊಳ್ಳಿ.

ಬಾಸ್ ಅಂದರೆ ಯಾವ ಮೀನು?

ಆಫೀಸಿನ ಬಾಸ್ ಅಲ್ಲ. "ಮಗ ಬಾಸ್ ಹಿಡಿಯಲು ಹೋಗಿದ್ದಾನೆ" ಅಂತ ನನ್ನ ಅಮ್ಮ ಊರಲ್ಲಿ ಹೇಳಿ, ಪಕ್ಕದ ಮನೆಯವರು ಪ್ರಮೋಷನ್‌ಗೆ ಅಂದುಕೊಂಡಿದ್ದರು.

ಇದು ಉತ್ತರ ಅಮೆರಿಕದ ಸಿಹಿನೀರಿನ ಮೀನು. ಸಮುದ್ರದ ಸೀ ಬಾಸ್‌ಗೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಇದು ಸನ್‌ಫಿಷ್ ಅನ್ನುವ ಕುಟುಂಬದ್ದು. ನಮಗೆ ಮುಖ್ಯವಾದವು ಮೂರು. ಲಾರ್ಜ್‌ಮೌತ್, ಅಂದರೆ ಬಾಯಿ ದೊಡ್ಡದು, ಬಾಯಿಯ ತುದಿ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುತ್ತದೆ. ಇದಕ್ಕೆ ನಿಂತ ನೀರು, ಜೊಂಡು, ಮುಳುಗಿದ ಮರ ಇಷ್ಟ. ಸ್ಮಾಲ್‌ಮೌತ್‌ಗೆ ಬಾಯಿ ಕಣ್ಣು ದಾಟುವುದಿಲ್ಲ, ತಂಪು ನೀರು, ಕಲ್ಲು ಬೇಕು. ಅದು ಜಾಸ್ತಿ ಉತ್ತರದ ಕಡೆಯದು. ಮೂರನೆಯದು ಗ್ವಾಡಲೂಪ್ ಬಾಸ್. ಟೆಕ್ಸಾಸ್ ಬಿಟ್ಟು ಇನ್ನೆಲ್ಲೂ ಇದು ಸ್ವಂತವಾಗಿ ಹುಟ್ಟಿ ಬೆಳೆದಿಲ್ಲ. 1989ರಿಂದ ಈ ರಾಜ್ಯದ ಅಧಿಕೃತ ಮೀನು. ಸಣ್ಣದು, ಹರಿಯುವ ನೀರಿನದು, ಸೆಳವಿನಲ್ಲಿ ಹುಟ್ಟಿದ್ದರಿಂದ ಗಾತ್ರಕ್ಕೆ ಮೀರಿ ಎಳೆಯುತ್ತದೆ. ನನ್ನನ್ನು ಕೇಳಿದರೆ ಒಂದೂವರೆ ಪೌಂಡಿನ ಗ್ವಾಡಲೂಪ್ ಮುಂದೆ ಮೂರು ಪೌಂಡಿನ ಲಾರ್ಜ್‌ಮೌತ್ ಸಪ್ಪೆ.

ದಡದಲ್ಲೇ ನಿಂತು ಹಿಡಿಯಬಹುದಲ್ಲ, ಕಯಾಕ್ ಯಾಕೆ?

ಹಿಡಿಯಬಹುದು. ಆದರೆ ದಡದಲ್ಲಿ ನಿಂತವನ ಗಾಳ ನೀರಿನ ಒಳಗಡೆಗೆ ಹೋಗುತ್ತದೆ, ಮೀನು ಇರುವುದು ಬಹಳ ಸಲ ದಡದ ಉದ್ದಕ್ಕೆ. ಕಯಾಕ್‌ನಲ್ಲಿ ಕೂತರೆ ದಡಕ್ಕೆ ಸಮಾನಾಂತರವಾಗಿ ಎಸೆಯಬಹುದು. ಎಸೆದ ಗಾಳ ವಾಪಸ್ ಬರುವಷ್ಟು ಹೊತ್ತೂ ಮೀನಿರುವ ಜಾಗದಲ್ಲೇ ಬರುತ್ತದೆ.

ದೊಡ್ಡ ಬಾಸ್ ಬೋಟ್‌ಗಳಿವೆ, ಇನ್ನೂರೈವತ್ತು ಕುದುರೆ ಶಕ್ತಿಯವು, ಬೆಲೆ ಮನೆಯ ಡೌನ್ ಪೇಮೆಂಟ್‌ನಷ್ಟು. ಅವು ಹೋಗದ ಕಡೆ ನಾವು ಹೋಗುತ್ತೇವೆ. ಆರು ಇಂಚು ನೀರಿದ್ದರೆ ಸಾಕು. ಸದ್ದು ಇಲ್ಲ. ನೀರಿಗೆ ಹತ್ತಿರ ಕೂತಿರುವುದರಿಂದ ಮೀನಿಗೆ ನಮ್ಮ ನೆರಳು ಕಾಣುವುದೂ ಕಡಿಮೆ.

ಈಜು ಬರುವುದಿಲ್ಲ. ಬರಬಹುದಾ?

ಲೈಫ್ ಜಾಕೆಟ್ ಹಾಕಿ, ಜಿಪ್ ಎಳೆದು, ನೀರು ಕಮ್ಮಿ ಇರುವ ಕಡೆ ಜೊತೆಯವರೊಂದಿಗೆ ಬರಬಹುದು. ಆದರೆ ಮೊದಲು ಈಜು ಕಲಿಯಿರಿ ಅಂತಲೇ ಹೇಳುತ್ತೇನೆ. ಇಲ್ಲಿ ಬಡಾವಣೆಗೊಂದು ಈಜುಕೊಳ ಇದೆ, ನೆಪ ಹೇಳುವಂತಿಲ್ಲ.

ಕಾನೂನಿನ ಪ್ರಕಾರ ಪ್ರತಿ ಕಯಾಕ್‌ನಲ್ಲಿ ತಲೆಗೊಂದರಂತೆ ಕೋಸ್ಟ್ ಗಾರ್ಡ್ ಒಪ್ಪಿದ ಲೈಫ್ ಜಾಕೆಟ್ ಇರಬೇಕು. 13 ವರ್ಷದೊಳಗಿನ ಮಕ್ಕಳು ಹಾಕಿಕೊಂಡೇ ಇರಬೇಕು. ದೊಡ್ಡವರು ಪಕ್ಕದಲ್ಲಿ ಇಟ್ಟುಕೊಂಡರೂ ಕಾನೂನು ಬಿಡುತ್ತದೆ, ನೀರು ಬಿಡುವುದಿಲ್ಲ. ಬಿದ್ದ ಮೇಲೆ ಜಾಕೆಟ್ ಹಾಕಿಕೊಳ್ಳುವುದು ಓಡುತ್ತಿರುವ ಬಸ್ಸಿನಲ್ಲಿ ಪ್ಯಾಂಟ್ ಹಾಕಿಕೊಂಡ ಹಾಗೆ. ಬೆನ್ನಿನ ಕಡೆ ಎತ್ತರಕ್ಕೆ ಮಾತ್ರ ಸ್ಪಂಜು ಇರುವ, ಕಯಾಕ್ ಸೀಟಿಗೆ ಒತ್ತದ ಜಾಕೆಟ್‌ಗಳು ಸಿಗುತ್ತವೆ. ಅದನ್ನು ಕೊಂಡರೆ ತೆಗೆದಿಡಬೇಕು ಅನ್ನಿಸುವುದಿಲ್ಲ. ಊದುವ ಸೀಟಿಯೊಂದನ್ನು ಜಾಕೆಟ್‌ಗೇ ಕಟ್ಟಿಡಿ. ಕತ್ತಲಲ್ಲಿ ಬಿಳಿ ದೀಪವೂ ಬೇಕು.

ಯಾವ ಕಯಾಕ್ ಕೊಳ್ಳಲಿ?

ಒಳಗೆ ಕಾಲು ತೂರಿಸಿ ಕೂರುವುದು ಒಂದು ಬಗೆ, ಮೇಲೆ ಕೂರುವುದು ಇನ್ನೊಂದು. ಮೀನಿಗೆ ಎರಡನೆಯದು. ನೀರು ಬಿದ್ದರೆ ತಳದ ತೂತುಗಳಿಂದ ತಾನೇ ಇಳಿದು ಹೋಗುತ್ತದೆ, ಮಗುಚಿದರೆ ಮತ್ತೆ ಹತ್ತಬಹುದು. ಉದ್ದ 10ರಿಂದ 12 ಅಡಿ, ಅಗಲ 33 ಇಂಚಿನ ಮೇಲೆ ಇದ್ದರೆ ಹೊಸಬರಿಗೆ ಅಲುಗಾಟ ಕಡಿಮೆ. 36 ಇಂಚಿನದರಲ್ಲಿ ಎದ್ದು ನಿಂತೂ ಎಸೆಯಬಹುದು. ಆದರೆ ಅಗಲ ಜಾಸ್ತಿ ಆದಷ್ಟೂ ಹುಟ್ಟು ಹಾಕುವುದು ಭಾರ.

ಜನ ನೋಡದೇ ಇರುವ ಸಂಖ್ಯೆ ಒಂದಿದೆ, ಅದು ಕಯಾಕ್‌ನ ಸ್ವಂತ ತೂಕ. ಅಂಗಡಿಯಲ್ಲಿ 45 ಕೆಜಿ ಅಂದರೆ ಏನೂ ಅನ್ನಿಸುವುದಿಲ್ಲ. ಆಗಸ್ಟ್ ತಿಂಗಳ ಮಧ್ಯಾಹ್ನ ಒಬ್ಬರೇ ಅದನ್ನು ಕಾರಿನ ಮೇಲೆ ಎತ್ತಿ ನೋಡಿ. ನನ್ನ ಮೊದಲ ಕಯಾಕ್ ಅಂಥದ್ದೇ. ಆರು ತಿಂಗಳಲ್ಲಿ ಎಂಟೇ ಸಲ ನೀರು ಕಂಡಿತು, ಎತ್ತುವ ಸಂಕಟಕ್ಕೆ. ಈಗಿರುವುದು 30 ಕೆಜಿ, ಪ್ರತಿ ವಾರ ಹೋಗುತ್ತೇನೆ.

ಸಾದಾ ಕಯಾಕ್ 400–500 ಡಾಲರ್‌ಗೆ ಬರುತ್ತದೆ. ಒಳ್ಳೆ ಸೀಟಿನದು ಸಾವಿರದ ಆಸುಪಾಸು. ಸೀಟಿಗೆ ದುಡ್ಡು ಹಾಕಿ. ಆರು ಗಂಟೆ ಕೂರಬೇಕು, ನಲವತ್ತು ದಾಟಿದವರ ಸೊಂಟ ನಾಚಿಕೆ ಬಿಟ್ಟು ಮಾತಾಡುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ತಳ ತಿರುಗಿಸಿ ನೋಡಿ. ಗೀರುಗಳಿದ್ದರೆ ಪರವಾಗಿಲ್ಲ, ತೂತುಗಳ ಸುತ್ತ ಬಿರುಕು ಇದ್ದರೆ ಬೇಡ.

ಪೆಡಲ್ ಇರುವುದು ಬೇಕಾ? ಹುಟ್ಟು ಸಾಲದಾ?

ಸಾಲುತ್ತದೆ. ಆದರೆ ಪೆಡಲ್ ಒಂದು ಸಲ ತುಳಿದರೆ ವಾಪಸ್ ಬರುವುದು ಕಷ್ಟ. ಹೋಬಿ ಕಂಪನಿ 1997ರಲ್ಲಿ ಮಿರಾಜ್ ಡ್ರೈವ್ ತಂದಿತು, ಪೆಂಗ್ವಿನ್ ರೆಕ್ಕೆಯ ಹಾಗೆ ತಳದಲ್ಲಿ ಎರಡು ರೆಕ್ಕೆ ಆಡುತ್ತವೆ. ಆಮೇಲೆ ಬೇರೆಯವರು ಸೈಕಲ್ಲಿನ ಹಾಗೆ ತುಳಿದು ಪ್ರೊಪೆಲರ್ ತಿರುಗಿಸುವುದನ್ನು ತಂದರು. ಲಾಭ ವೇಗವಲ್ಲ, ಎರಡೂ ಕೈ ಖಾಲಿ ಇರುವುದು. ಗಾಳಿ ತಳ್ಳುತ್ತಿರುವಾಗ ಕಾಲಲ್ಲಿ ನಿಧಾನ ತುಳಿಯುತ್ತಾ ದೋಣಿಯನ್ನು ಅಲ್ಲೇ ನಿಲ್ಲಿಸಿ, ಕೈಯಲ್ಲಿ ಗಾಳ ಎಸೆಯಬಹುದು.

ತೊಂದರೆ ಎಂದರೆ ಬೆಲೆ ಎರಡು ಸಾವಿರ ಡಾಲರ್ ಮೇಲೆ, ತೂಕವೂ ಜಾಸ್ತಿ, ಕಮ್ಮಿ ನೀರಿನ ಕಲ್ಲಿನ ಹೊಳೆಯಲ್ಲಿ ಪೆಡಲ್ ತಗುಲುತ್ತದೆ. ನಾನು ಹೊಳೆಗೆ ಜಾಸ್ತಿ ಹೋಗುವವನು, ಹುಟ್ಟಿನಲ್ಲೇ ಇದ್ದೇನೆ. ಅಗಲದ ಕಯಾಕ್‌ಗೆ 240ರಿಂದ 260 ಸೆಂಟಿಮೀಟರ್ ಉದ್ದದ ಹುಟ್ಟು ಬೇಕು. ಗಿಡ್ಡದು ತೆಗೆದುಕೊಂಡರೆ ಬೆರಳ ಗೆಣ್ಣು ಅಂಚಿಗೆ ತಗುಲುತ್ತಲೇ ಇರುತ್ತದೆ.

ಒಂದು ಸಣ್ಣ ಮೋಟಾರು ಹಾಕಿಸಿದರೆ?

ಹಾಕಿಸಿ. ಬ್ಯಾಟರಿಯದ್ದೇ ಆದರೂ ಮೋಟಾರು ಕೂತ ಕೂಡಲೇ ಟೆಕ್ಸಾಸ್‌ನಲ್ಲಿ ಕಯಾಕ್‌ಗೆ ರಿಜಿಸ್ಟ್ರೇಷನ್ ಬೇಕು, ನಂಬರ್ ಅಂಟಿಸಬೇಕು.

ಕಾರಿನ ಮೇಲೆ ಕಟ್ಟುವುದು ಹೇಗೆ?

ರೂಫ್ ರ‍್ಯಾಕ್ ಇದ್ದರೆ ಎರಡು ಬಕಲ್ ಪಟ್ಟಿ ಅಡ್ಡಕ್ಕೆ, ಒಂದೊಂದು ಹಗ್ಗ ಮುಂದಕ್ಕೆ, ಹಿಂದಕ್ಕೆ. ಪಟ್ಟಿಯನ್ನು ಒಂದು ಸುತ್ತು ತಿರುಚಿ ಕಟ್ಟಿ, ಹೈವೇಯಲ್ಲಿ ಗುಂಯ್‌ಗುಡುವುದಿಲ್ಲ. ಹಿಂದಕ್ಕೆ ನಾಲ್ಕು ಅಡಿಗಿಂತ ಜಾಸ್ತಿ ಚಾಚಿದ್ದರೆ ಕೆಂಪು ಬಟ್ಟೆ ಕಟ್ಟಬೇಕು.

ಲೈಸೆನ್ಸ್ ಬೇಕಾ?

17 ತುಂಬಿದವರಿಗೆ ಬೇಕು. ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ ಕೊಡುತ್ತದೆ. ಇಲ್ಲಿಯೇ ವಾಸ ಇರುವವರಿಗೆ ಸಿಹಿನೀರಿನ ಲೈಸೆನ್ಸ್ 30 ಡಾಲರ್. ಸಾಮಾನ್ಯ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಜುಲೈನಲ್ಲಿ ಕೊಂಡರೆ ದುಡ್ಡು ದಂಡ. ಜೂನ್ ತಿಂಗಳ ಮೊದಲ ಶನಿವಾರ ಎಲ್ಲರಿಗೂ ಫ್ರೀ. ಊರಿಂದ ಬಂದ ಅಪ್ಪನಿಗೆ ಒಂದು ದಿನ ಗಾಳ ಕೊಡಬೇಕೆಂದರೆ ಆ ದಿನ ಒಳ್ಳೆಯದು.

ಸಾಮಾನ್ಯವಾಗಿ ದಿನಕ್ಕೆ 5 ಬಾಸ್, ಲಾರ್ಜ್‌ಮೌತ್ ಆದರೆ 14 ಇಂಚಿಗಿಂತ ಕಮ್ಮಿ ಇರುವುದನ್ನು ಇಟ್ಟುಕೊಳ್ಳುವಂತಿಲ್ಲ. ಕೆಲವು ಕೆರೆಗಳಿಗೆ ಬೇರೆ ಲೆಕ್ಕ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನವೆಲ್ಲ ವಾಪಸ್ ನೀರಿಗೆ.

ಗಾಳಿ ಎಷ್ಟಿದ್ದರೆ ಹೋಗಬಹುದು?

ಇದನ್ನು ಕೇಳುವವರು ಕಮ್ಮಿ. ಎಲ್ಲರೂ "ಯಾವ ಗಾಳಕ್ಕೆ ಬೀಳುತ್ತದೆ" ಅಂತಲೇ ಕೇಳುತ್ತಾರೆ. ನನ್ನ ಪ್ರಕಾರ ಈ ಆಟದಲ್ಲಿ ಅರ್ಧ ಭಾಗ ಮೀನು ಹಿಡಿಯುವುದು, ಇನ್ನರ್ಧ ದೋಣಿ ನಿಲ್ಲಿಸುವುದು. ಮೊದಲು ಕಲಿಯಬೇಕಾದ್ದು ಎರಡನೆಯದು.

ಗಂಟೆಗೆ 5 ಮೈಲಿ ಗಾಳಿ ಸುಖ. 10 ಅಂದರೆ ಕೆಲಸ. 15 ದಾಟಿದರೆ ದೊಡ್ಡ ಕೆರೆಗೆ ಹೋಗಬೇಡಿ, ಮನೆಯಲ್ಲಿ ಇಡ್ಲಿ ತಿನ್ನಿ, ಇಲ್ಲವೇ ಮರಗಳ ಮರೆ ಇರುವ ಹೊಳೆಗೆ ಹೋಗಿ. ಕಯಾಕ್‌ಗೆ ತೂಕವಿಲ್ಲ, ಮೇಲೆ ಕೂತ ನಾವೇ ಹಾಯಿ. ಒಂದು ಸಲ ಗಾಳ ಎಸೆದು ಸುತ್ತಿಕೊಳ್ಳುವಷ್ಟರಲ್ಲಿ ಇಪ್ಪತ್ತು ಅಡಿ ಸರಿದಿರುತ್ತೀರಿ. ಆ ಮೇಲೆ ಹುಟ್ಟು ಎತ್ತು, ವಾಪಸ್ ಬಾ, ರಾಡ್ (ಗಾಳದ ಕೋಲು) ಎತ್ತು, ಎಸೆ, ಮತ್ತೆ ಹುಟ್ಟು. ಬೆಳಗಿನಿಂದ ಮಧ್ಯಾಹ್ನದವರೆಗೆ ಹೀಗೇ ಮಾಡಿ "ಮೀನೇ ಇಲ್ಲ" ಅಂತ ಮನೆಗೆ ಹೋಗುವವರು ಬಹಳ ಜನ. ಮೀನಿತ್ತು, ಅದರ ಮುಂದೆ ಗಾಳ ನಿಲ್ಲಲಿಲ್ಲ ಅಷ್ಟೆ.

ಹೋಗುವಾಗ ಗಾಳಿಗೆ ಎದುರಾಗಿ ಹೋಗಿ. ಸುಸ್ತಾದ ಮೇಲೆ ಬರುವಾಗ ಗಾಳಿ ಬೆನ್ನಿಗಿರಲಿ. ಕಾವೇರಿಯಲ್ಲಿ ಹರಿಗೋಲು ಹಾಕುವವರು ಮೊದಲು ದಡದ ಪಕ್ಕದಲ್ಲೇ ಮೇಲಕ್ಕೆ ಹೋಗಿ, ಆಮೇಲೆ ಸೆಳವಿನಲ್ಲಿ ಓರೆಯಾಗಿ ಆಚೆ ದಡಕ್ಕೆ ಬಿಡುತ್ತಿದ್ದರಲ್ಲ, ಅದೇ ಬುದ್ಧಿ. ಇನ್ನೊಂದು ವಿಷಯ, ಇಲ್ಲಿ ಚಳಿಗಾಲದಲ್ಲಿ ಉತ್ತರದಿಂದ ಗಾಳಿ ಇದ್ದಕ್ಕಿದ್ದಂತೆ ನುಗ್ಗುತ್ತದೆ. ಜನ ನಾರ್ದರ್ ಅನ್ನುತ್ತಾರೆ. ಬೆಳಿಗ್ಗೆ ಟೀ ಶರ್ಟ್, ಹನ್ನೊಂದಕ್ಕೆ ಹಲ್ಲು ಕಟಕಟ. ಹವಾಮಾನವನ್ನು ಗಂಟೆಗಂಟೆಯ ಲೆಕ್ಕದಲ್ಲಿ ನೋಡಿ, ದಿನದ್ದಲ್ಲ.

ತಮಾಷೆ ಎಂದರೆ ಗಾಳಿ ಬಡಿಯುವ ದಡದಲ್ಲೇ ಮೀನು ಜಾಸ್ತಿ. ಗಾಳಿ ಸಣ್ಣಪುಟ್ಟ ತಿನಿಸನ್ನು ಆ ಕಡೆ ತಳ್ಳುತ್ತದೆ, ಅದರ ಹಿಂದೆ ಸಣ್ಣ ಮೀನು, ಅದರ ಹಿಂದೆ ಬಾಸ್. ಅಂದರೆ ನಿಲ್ಲಲು ಕಷ್ಟವಾದ ಕಡೆಯೇ ನಿಲ್ಲಬೇಕು.

ಹಾಗಾದರೆ ನಿಲ್ಲಿಸುವುದು ಹೇಗೆ?

ಮೂರ್ನಾಲ್ಕು ದಾರಿ ಇವೆ. ಮೂರು ಅಡಿ ನೀರಿದ್ದರೆ ಒಂದು ಉದ್ದನೆಯ ಕೋಲು ಸಾಕು, ಕೆಸರಿಗೆ ಚುಚ್ಚಿ ಹಗ್ಗ ಕಟ್ಟಿದರೆ ಆಯಿತು. ಜೊಂಡು, ಕೊಂಬೆ ಹತ್ತಿರ ಇದ್ದರೆ ಹಗ್ಗಕ್ಕೊಂದು ದೊಡ್ಡ ಕ್ಲಿಪ್ ಕಟ್ಟಿಕೊಂಡು ಅದಕ್ಕೇ ಕಚ್ಚಿಸಿ. ಆಳ ಇದ್ದರೆ ಒಂದೂವರೆ ಕೆಜಿಯ ಮಡಚುವ ಲಂಗರು. ನಿಲ್ಲುವುದು ಬೇಡ, ನಿಧಾನ ಸರಿದರೆ ಸಾಕು ಅಂದರೆ ನೀರಲ್ಲಿ ಬಿಡುವ ಬಟ್ಟೆಯ ಚೀಲ ಸಿಗುತ್ತದೆ, ಅದು ನೀರು ತುಂಬಿಕೊಂಡು ದೋಣಿಯನ್ನು ಹಿಡಿದೆಳೆಯುತ್ತದೆ.

ಲಂಗರನ್ನು ಮಗ್ಗುಲಲ್ಲಿ ಕಟ್ಟಬೇಡಿ. ಗಾಳಿಯೋ ಸೆಳವೋ ಪಕ್ಕದಿಂದ ತಳ್ಳಿದರೆ ಹಗ್ಗ ಆ ಅಂಚನ್ನೇ ಕೆಳಗೆ ಎಳೆದು ಮಗುಚುತ್ತದೆ. ಮೂತಿಗೆ ಇಲ್ಲವೇ ಬಾಲಕ್ಕೆ ಕಟ್ಟಬೇಕು. ಕೂತಲ್ಲಿಂದ ಕೈಗೆ ಎಟುಕುವುದಿಲ್ಲ, ಅದಕ್ಕೆ ಕಯಾಕ್‌ನ ಉದ್ದಕ್ಕೂ ರಾಟೆ ಹಾಕಿದ ಹಗ್ಗ ಕಟ್ಟಿಕೊಳ್ಳುತ್ತಾರೆ, ಬಾವಿಯ ಹಗ್ಗದ ಹಾಗೆ ಎಳೆದರೆ ಲಂಗರಿನ ಕೊಂಡಿ ಹಿಂದೆ ಮುಂದೆ ಹೋಗುತ್ತದೆ. ನಾನು ಗಾಳಿಯಿರುವ ದಡಕ್ಕೆ ನಲವತ್ತು ಅಡಿ ದೂರದಲ್ಲಿ ಬಾಲದ ಕಡೆ ಲಂಗರು ಬಿಟ್ಟು ದಡದ ಕಡೆ ಮುಖ ಮಾಡಿ ಕೂರುತ್ತೇನೆ. ಎಸೆಯುವುದಕ್ಕೂ ಗಾಳಿ ಸಹಾಯ ಮಾಡುತ್ತದೆ.

ಇದು ಕೆರೆಯ ಮಾತು. ಜೋರು ಸೆಳವಿನ ಹೊಳೆಯಲ್ಲಿ ಲಂಗರನ್ನೇ ಬಿಡಬೇಡಿ. ಕಲ್ಲಿಗೆ ಸಿಕ್ಕಿಕೊಂಡರೆ ನೀರು ದೋಣಿಯ ಮೇಲೆ ಏರಿ ಬರುತ್ತದೆ. ಹಗ್ಗ ಕತ್ತರಿಸಲು ಚಾಕು ಎದೆಯ ಹತ್ತಿರ ಸಿಕ್ಕಿಸಿಕೊಂಡಿರಿ, ಡಬ್ಬಿಯಲ್ಲಿ ಇಡಬೇಡಿ.

ಎಷ್ಟು ರಾಡ್ ಒಯ್ಯಬೇಕು?

ಎರಡು. ಹೆಚ್ಚೆಂದರೆ ಮೂರು. ಆರು ಒಯ್ದರೆ ನಾಲ್ಕು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಏಳು ಅಡಿಯ ಮೀಡಿಯಂ ಹೆವಿ (ತುಸು ಗಟ್ಟಿಯಾದದ್ದು) ಒಂದು, ಆರೂವರೆ ಅಡಿಯ ಸ್ಪಿನ್ನಿಂಗ್ ರಾಡ್ (ದಾರ ಸುತ್ತುವ ರೀಲ್ ಕೆಳಗಡೆ ಇರುವುದು) ಒಂದು. ಹಿಡಿ ಉದ್ದ ಇರುವ ರಾಡ್ ಬೇಡ, ಕೂತಾಗ ಜಾಕೆಟ್‌ಗೆ ತಗುಲುತ್ತದೆ. ಜೊಂಡಿನ ಕಡೆ 30–50 ಪೌಂಡ್ ಭಾರ ತಡೆಯುವ ಹೆಣೆದ ದಾರ, ತಿಳಿನೀರಿಗೆ 10–12 ಪೌಂಡಿನ ಫ್ಲೋರೋಕಾರ್ಬನ್, ಅಂದರೆ ನೀರಲ್ಲಿ ಸುಲಭಕ್ಕೆ ಕಾಣದ ದಾರ. ಪ್ರತಿಯೊಂದಕ್ಕೂ ಕೊಂಡಿ ಹಗ್ಗ ಕಟ್ಟಿ. ನೀರಿಗೆ ಬಿದ್ದ ರಾಡ್ ತೇಲುವುದಿಲ್ಲ.

ಯಾವ ಲ್ಯೂರ್‌ಗೆ ಬೀಳುತ್ತದೆ?

ಲ್ಯೂರ್ ಅಂದರೆ ಮೀನನ್ನು ಸೆಳೆಯುವ ನಕಲಿ ಎರೆ. ಮೊದಲ ವರ್ಷ ಒಂದೇ ಒಂದು ಇಟ್ಟುಕೊಳ್ಳಿ ಅಂದರೆ ಐದು ಇಂಚಿನ ಸೆಂಕೋ ಥರದ ರಬ್ಬರ್ ಹುಳು. ನೋಡಲು ಸೀಮೆಸುಣ್ಣದ ಹಾಗೆ, ಬಾಲವಿಲ್ಲ, ರೆಕ್ಕೆಯಿಲ್ಲ. ಗಾಳವನ್ನು ಅದರ ನಟ್ಟನಡುವೆ ಚುಚ್ಚಬೇಕು, ಎರಡೂ ತುದಿ ಜೋತಾಡುವಂತೆ. ಇದಕ್ಕೆ ವ್ಯಾಕಿ ರಿಗ್ ಅನ್ನುತ್ತಾರೆ. ಸೀಸ ಕಟ್ಟಬೇಡಿ. ಮರದ ಬುಡಕ್ಕೆ ಎಸೆಯಿರಿ, ಸುಮ್ನೆ ಬಿಡಿ. ಎಳೆಯಬೇಡಿ. ಅದು ಎರಡೂ ತುದಿ ನಡುಗಿಸುತ್ತಾ ನಿಧಾನ ಮುಳುಗುತ್ತದೆ. ನೀವು ನೋಡಬೇಕಾದ್ದು ನೀರಿನ ಮೇಲಿನ ದಾರವನ್ನು. ಸಡಿಲವಾಗಿ ಮಲಗಿದ ದಾರ ಒಮ್ಮೆ ಸಣ್ಣಗೆ ಮಿಡಿಯುತ್ತದೆ, ಇಲ್ಲವೇ ಕಾರಣವಿಲ್ಲದೆ ಪಕ್ಕಕ್ಕೆ ಸರಿಯಲು ಶುರುವಾಗುತ್ತದೆ. ಕೈಗೆ ಏನೂ ತಿಳಿಯುವುದಿಲ್ಲ, ಕಣ್ಣಿಗೆ ಮಾತ್ರ. ಆಗ ಸಡಿಲ ಸುತ್ತಿಕೊಂಡು ರಾಡ್ ಎತ್ತಿ.

ಜೊಂಡಿನ ನಡುವೆ ಆದರೆ ಟೆಕ್ಸಾಸ್ ರಿಗ್, ಗಾಳದ ಮೊನೆಯನ್ನು ರಬ್ಬರ್ ಹುಳುವಿನೊಳಗೇ ಹುದುಗಿಸಿಡುವುದು, ಗಿಡಕ್ಕೆ ಸಿಕ್ಕಿಕೊಳ್ಳುವುದಿಲ್ಲ. ತಾವರೆ ಎಲೆಯ ಮೇಲೆ ರಬ್ಬರ್ ಕಪ್ಪೆ. ಊರಲ್ಲಿ ಮುರ್ರೆಲ್ ಮೀನು ಹಿಡಿಯುವ ಹುಡುಗರು ಇದೇ ಕಪ್ಪೆಯನ್ನು ಎಸೆಯುತ್ತಾರೆ, ಅವರಿಗೆ ಇಲ್ಲಿ ಹೊಸದಾಗಿ ಕಲಿಯುವುದೇನೂ ಇಲ್ಲ. ಕಲಕು ನೀರಿಗೆ ಸ್ಪಿನ್ನರ್‌ಬೈಟ್, ಎಳೆದಾಗ ತಗಡು ತಿರುಗುವ ಲ್ಯೂರ್. ಗ್ವಾಡಲೂಪ್ ಬಾಸ್‌ಗೆ ಎಲ್ಲವೂ ಸಣ್ಣದಾಗಬೇಕು, ಎರಡೂವರೆ ಇಂಚಿನ ಕಂದು ಬಣ್ಣದ್ದು, ಕಲ್ಲಿನಡಿಯ ಸಿಗಡಿಯಂಥ ಕ್ರೇಫಿಷ್ ಥರ ಕಾಣುವುದು.

ಅಂಗಡಿಯ ಗೋಡೆ ತುಂಬ ಬಣ್ಣಬಣ್ಣದ ಪ್ಯಾಕೆಟ್ ಇರುತ್ತವೆ. ಅವು ಮೀನಿಗಿಂತ ಮೊದಲು ಮನುಷ್ಯರನ್ನು ಹಿಡಿಯುತ್ತವೆ.

ಎರೆಹುಳು, ರಾಗಿ ಮುದ್ದೆ ನಡೆಯುವುದಿಲ್ಲವಾ?

ಎರೆಹುಳು ನಡೆಯುತ್ತದೆ, ಆದರೆ ಸಣ್ಣ ಸನ್‌ಫಿಷ್‌ಗಳೇ ಮೊದಲು ಬಂದು ತಿಂದು ಹೋಗುತ್ತವೆ. ರಾಗಿ ಮುದ್ದೆ ಕಾವೇರಿಯ ಮಹಶೀರ್‌ಗೆ ಸರಿ. ಬಾಸ್ ಓಡುವ ಜೀವವನ್ನು ಅಟ್ಟಿಸಿಕೊಂಡು ತಿನ್ನುವ ಮೀನು. ನಾನು ಒಂದು ಸಲ ಹಾಕಿ ನೋಡಿದೆ. ಆಮೆ ಬಂತು.

ಯಾವ ಕಾಲ, ಯಾವ ಹೊತ್ತು ಒಳ್ಳೆಯದು?

ಇಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ ಲಾರ್ಜ್‌ಮೌತ್ ಮೊಟ್ಟೆಗೆ ದಡದ ಹತ್ತಿರ ಬರುತ್ತದೆ. ಗಂಡು ಬಾಲದಲ್ಲಿ ಕೆಸರು ಗುಡಿಸಿ ತಟ್ಟೆಯಂಥ ಗೂಡು ಮಾಡಿ ಕಾವಲು ಕಾಯುತ್ತದೆ. ಕಯಾಕ್‌ಗೆ ಇದಕ್ಕಿಂತ ಒಳ್ಳೆ ಕಾಲವಿಲ್ಲ, ಎಲ್ಲ ಮೀನೂ ಕಮ್ಮಿ ನೀರಿನಲ್ಲಿ. ಗೂಡಿನ ಮೇಲಿನ ಮೀನು ಹಿಡಿದರೆ ತಕ್ಷಣ ಅಲ್ಲೇ ಬಿಡಿ. ಕಾವಲು ತಪ್ಪಿದ ಕೂಡಲೇ ಸಣ್ಣ ಮೀನುಗಳು ಮೊಟ್ಟೆಗೆ ಮುತ್ತುತ್ತವೆ.

ಬೇಸಿಗೆಯಲ್ಲಿ ಬೆಳಕು ಹರಿಯುವ ಮುಂಚೆ ನೀರಿನ ಮೇಲಿರಬೇಕು, ಹತ್ತಕ್ಕೆ ಮನೆಗೆ. ನಡುಹಗಲಲ್ಲಿ ಮೀನು ಆಳಕ್ಕೋ ಸೇತುವೆಯ ನೆರಳಿಗೋ ಹೋಗಿರುತ್ತದೆ, ನಮಗೆ ಸುಮ್ನೆ ಬಿಸಿಲು. ಅಕ್ಟೋಬರ್‌ನಲ್ಲಿ ಶ್ಯಾಡ್ ಅನ್ನುವ ಸಣ್ಣ ಮೀನಿನ ಹಿಂಡನ್ನು ಅಟ್ಟಿಸಿಕೊಂಡು ತಿನ್ನುತ್ತವೆ, ನೀರು ಕುದಿಯುವ ಹಾಗೆ ಕಾಣುತ್ತದೆ. ಚಳಿಗಾಲದಲ್ಲಿ ನಿಧಾನ, ಬಹಳ ನಿಧಾನ. ನೀರು 60 ಡಿಗ್ರಿಗಿಂತ ತಣ್ಣಗಿದ್ದರೆ ಹೊರಗಿನ ಬಿಸಿಲು ನೋಡಿ ಬಟ್ಟೆ ಹಾಕಬೇಡಿ, ನೀರಿಗೆ ಬಿದ್ದರೆ ಏನು ಬೇಕೋ ಅದನ್ನು ಹಾಕಿ. ತಣ್ಣೀರಿಗೆ ಬಿದ್ದ ಕೂಡಲೇ ಉಸಿರು ಒಳಕ್ಕೆ ಎಳೆಯುತ್ತದೆ, ಆಗ ಬಾಯಿ ನೀರಲ್ಲಿದ್ದರೆ ಮುಗಿಯಿತು.

ಕೆರೆಗೂ ಹೊಳೆಗೂ ಏನು ವ್ಯತ್ಯಾಸ?

ಕೆರೆಯಲ್ಲಿ ಮೀನನ್ನು ಹುಡುಕಬೇಕು. ಹೊಳೆಯಲ್ಲಿ ನೀರೇ ಹೇಳುತ್ತದೆ. ಬಂಡೆಯ ಹಿಂದೆ ಸುಳಿ, ಜೋರು ನೀರು ಮತ್ತು ನಿಂತ ನೀರು ಸೇರುವ ಗೆರೆ, ಮಡುವಿನ ಬಾಯಿ, ಇಲ್ಲೆಲ್ಲ ಬಾಸ್ ಮೂತಿಯನ್ನು ಸೆಳವಿನ ಕಡೆ ಮಾಡಿ ನಿಂತಿರುತ್ತದೆ. ತೇಲಿ ಬರುವ ಊಟಕ್ಕೆ ಕಾಯುತ್ತದೆ. ಆದ್ದರಿಂದ ಗಾಳ ಮೇಲಿನಿಂದ ಕೆಳಕ್ಕೆ, ನೀರಿನ ವೇಗದಲ್ಲೇ ಬರಬೇಕು. ಬಂಡೆಯ ಹಿಂದಿನ ಸುಳಿಯಲ್ಲಿ ಕಯಾಕ್ ತಾನೇ ನಿಲ್ಲುತ್ತದೆ, ಹೊಳೆಯ ಲಂಗರು ಅದೇ.

ಆಸ್ಟಿನ್ ಕೆಳಗೆ ಕೊಲರಾಡೋ ನದಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಗ್ರ್ಯಾಂಡ್ ಕ್ಯಾನ್ಯನ್‌ನ ಕೊಲರಾಡೋ ಅಲ್ಲ, ಹೆಸರು ಒಂದೇ, ನದಿ ಬೇರೆ. ಬ್ಯಾಸ್ಟ್ರಾಪ್ ಊರಿನ ಫಿಷರ್‌ಮನ್ಸ್ ಪಾರ್ಕ್‌ನಿಂದ 6 ಮೈಲಿಯ ಎಲ್ ಕಮಿನೋ ರಿಯಲ್ ಪ್ಯಾಡ್ಲಿಂಗ್ ಟ್ರೇಲ್ (ಹುಟ್ಟು ಹಾಕುವವರಿಗೆ ಗುರುತಿಸಿದ ನೀರಿನ ದಾರಿ) ಇದೆ. ಕೆಳಗಡೆ ಒಂದು ಕಾರು ಮೊದಲೇ ಬಿಟ್ಟಿರಬೇಕು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುವುದರ ಮೇಲೆ ಮಟ್ಟ ಏರಿಳಿಯುತ್ತದೆ, ಹೊರಡುವ ಮೊದಲು ಸರ್ಕಾರದ ನದಿ ಮಾಪಕದ ಅಂಕಿ ನೋಡಿ. ಇಲ್ಲಿ ನದಿಯ ಒಡಲು ಸಾರ್ವಜನಿಕ, ದಡ ಬಹುತೇಕ ಖಾಸಗಿ. ಊಟಕ್ಕೆ ಮರಳ ದಿಬ್ಬದ ಮೇಲೆ ಕೂರಿ, ಯಾರದೋ ಬೇಲಿಯೊಳಗೆ ಹೋಗಬೇಡಿ.

ಎರಡು ವಿಷಯಕ್ಕೆ ನಿಜಕ್ಕೂ ಹೆದರಿ. ಒಂದು, ಹೊಳೆಗೆ ಅಡ್ಡ ಕಟ್ಟಿದ ತಗ್ಗು ಅಣೆ. ಮೇಲಿನಿಂದ ಬರುವಾಗ ಕಾಣುವುದೇ ಇಲ್ಲ, ನೀರು ನೇರ ಗೆರೆಯಾಗಿ ಮುಗಿದಂತೆ ಇರುತ್ತದೆ. ಕೆಳಗೆ ಬಿದ್ದ ನೀರು ಮಗುಚಿ ಮತ್ತೆ ಗೋಡೆಯ ಕಡೆಗೇ ತಿರುಗುತ್ತದೆ, ಒಳಗೆ ಸಿಕ್ಕಿದ್ದನ್ನು ಬಿಡುವುದಿಲ್ಲ. ಸದ್ದು ಕೇಳಿದ ಕೂಡಲೇ ದಡಕ್ಕೆ ಬನ್ನಿ, ಕಯಾಕ್ ಹೊತ್ತು ದಾಟಿ. ಎರಡು, ದಿಢೀರ್ ಪ್ರವಾಹ. ಆಸ್ಟಿನ್‌ನ ಪಶ್ಚಿಮದ ಗುಡ್ಡಗಾಡು ಬರೀ ಸುಣ್ಣದ ಕಲ್ಲು, ಜೋರು ಮಳೆಯ ನೀರು ಅಷ್ಟು ಬೇಗ ಇಂಗುವುದಿಲ್ಲ. 2025ರ ಜುಲೈ 4ರ ನಸುಕಿನಲ್ಲಿ ಗ್ವಾಡಲೂಪ್ ನದಿ ಉಕ್ಕಿದ್ದನ್ನು ಇಲ್ಲಿಯವರು ಯಾರೂ ಮರೆತಿಲ್ಲ. ಆ ಮಳೆಯಲ್ಲಿ ನೂರಕ್ಕೂ ಹೆಚ್ಚು ಜನ ಹೋದರು. ಮೇಲ್ಗಡೆ ಮಳೆ ಅಂದರೆ ಕೆಳಗೆ ಬಿಸಿಲಿದ್ದರೂ ಹೋಗಬೇಡಿ.

ಕಚ್ಚಿತು. ಈಗೇನು ಮಾಡಲಿ?

ಮೊದಲು ನಗಿ. ಮೂರು ಪೌಂಡಿನ ಮೀನು ಕೂಡ ಕಯಾಕ್‌ನ ಮೂತಿ ತಿರುಗಿಸುತ್ತದೆ. ನೀವು ಮೀನನ್ನು ಎಳೆಯುತ್ತಿದ್ದೀರೋ ಮೀನು ನಿಮ್ಮನ್ನೋ ಎಂಬುದು ಸ್ವಲ್ಪ ಹೊತ್ತು ತೀರ್ಮಾನವಾಗುವುದಿಲ್ಲ. ಮರದ ಕಡೆ ಎಳೆದುಕೊಂಡು ಹೋಗುತ್ತಿದ್ದರೆ ಒಂದು ಕಾಲು ನೀರಿಗೆ ಇಳಿಬಿಡಿ, ಬ್ರೇಕ್ ಆಗುತ್ತದೆ.

ಹತ್ತಿರ ಬಂದಾಗ ಜನ ತಪ್ಪು ಮಾಡುತ್ತಾರೆ. ಬಗ್ಗುತ್ತಾರೆ. ಕೈ ಹೊರಗೆ ಹೋಗಲಿ, ತಲೆ ದೋಣಿಯ ಅಂಚು ದಾಟಬಾರದು. ತಲೆ ಹೋದ ಕಡೆ ಮೈಯೂ ಹೋಗುತ್ತದೆ. ಬಲೆ ಇಟ್ಟುಕೊಳ್ಳಿ, ಇಲ್ಲವೇ ಮೀನನ್ನು ಮಗ್ಗುಲಿಗೆ ತಂದು ಹೆಬ್ಬೆರಳಿನಲ್ಲಿ ಕೆಳದವಡೆ ಹಿಡಿಯಿರಿ. ಬಾಸ್‌ಗೆ ಚೂಪು ಹಲ್ಲಿಲ್ಲ, ಮರಳು ಕಾಗದದ ಹಾಗೆ ಇರುತ್ತದೆ. ವಾರಾಂತ್ಯ ಚೆನ್ನಾಗಿ ಹೋಗಿದ್ದರೆ ಸೋಮವಾರ ಹೆಬ್ಬೆರಳು ತರಚಿರುತ್ತದೆ. ದೊಡ್ಡ ಮೀನನ್ನು ದವಡೆಯಿಂದ ನೇರ ಜೋತಾಡಿಸಬೇಡಿ, ಇನ್ನೊಂದು ಕೈ ಹೊಟ್ಟೆಗೆ ಕೊಡಿ.

ಮಗುಚಿದರೆ?

ಮಗುಚಿದ್ದೇನೆ. ಲೇಕ್ ಟ್ರಾವಿಸ್‌ನಲ್ಲಿ, ಒಂದು ಭಾನುವಾರ. ಹಿಂದಿನ ಡಬ್ಬಿಗೆ ಕೈ ಹಾಕಲು ಸೊಂಟ ತಿರುಗಿಸಿದ್ದೆ. ಅದೇ ಹೊತ್ತಿಗೆ ಯಾವುದೋ ದೊಡ್ಡ ಬೋಟಿನ ಅಲೆ ಪಕ್ಕದಿಂದ ಬಂತು. ಎರಡು ರಾಡ್, ಫೋನ್, ಕಾರಿನ ಕೀ, ಚಿತ್ರಾನ್ನದ ಡಬ್ಬಿ, ಎಲ್ಲ ತಳಕ್ಕೆ. ದಡದಲ್ಲಿದ್ದ ಯಾರದೋ ಫೋನ್ ಇಸ್ಕೊಂಡು ಹೆಂಡತಿಗೆ ಹೇಳಿದೆ. ಅವಳು ಇನ್ನೊಂದು ಕೀ ತರುವವರೆಗೆ ಒಂದು ಗಂಟೆ ನೀರು ತೊಟ್ಟಿಕ್ಕುತ್ತಾ ನಿಂತಿದ್ದೆ. ಬಂದವಳು ಮೊದಲು ಕೇಳಿದ್ದು ಡಬ್ಬಿ ಎಲ್ಲಿ ಅಂತ. ಈಗ ಫೋನೂ ಕೀಯೂ ನೀರು ಹೋಗದ ಚೀಲದಲ್ಲಿ ಜಾಕೆಟ್‌ಗೇ ಕಟ್ಟಿರುತ್ತವೆ, ಡಬ್ಬಿ ಕಾಲಿನ ನಡುವೆ.

ಹತ್ತುವುದನ್ನು ಮೊದಲೇ ಅಭ್ಯಾಸ ಮಾಡಿ, ಬೇಸಿಗೆಯಲ್ಲಿ, ಎದೆಮಟ್ಟದ ನೀರಿನಲ್ಲಿ, ಬೇಕಂತಲೇ ಮಗುಚಿ. ತಳದ ಮೇಲಿಂದ ಆಚೆ ಅಂಚಿನ ಹಿಡಿ ಹಿಡಿದು ಹಿಂದಕ್ಕೆ ಎಳೆದರೆ ಸರಿಯಾಗುತ್ತದೆ. ಆಮೇಲೆ ಕಾಲು ಬಡಿದು ಮೈಯನ್ನು ನೀರಿನ ಮಟ್ಟಕ್ಕೆ ತಂದು, ಹೊಟ್ಟೆಯ ಮೇಲೆ ಅಡ್ಡಕ್ಕೆ ಜಾರಿಕೊಂಡು ಬನ್ನಿ. ಮೊದಲು ಹೊಟ್ಟೆ, ಆಮೇಲೆ ಕುಂಡಿ, ಕೊನೆಗೆ ಕಾಲು. ಮೊಣಕಾಲಿಟ್ಟು ಏರಲು ಹೋದರೆ ಮತ್ತೆ ಮಗುಚುತ್ತದೆ.

ಹಾವು, ಮೊಸಳೆ?

ಕಾಟನ್‌ಮೌತ್ ಅನ್ನುವ ವಿಷದ ನೀರುಹಾವು ಇದೆ, ತಗ್ಗಿದ ಕೊಂಬೆಯ ಕೆಳಗೆ ನುಗ್ಗುವ ಮುಂಚೆ ಮೇಲೆ ನೋಡಿ. ಆಲಿಗೇಟರ್ ಪೂರ್ವ ಟೆಕ್ಸಾಸ್‌ನ ಕ್ಯಾಡೋ ಕೆರೆಯಂಥ ಕಡೆ ಇರುತ್ತದೆ. ದೂರ ಇದ್ದರೆ ಅದೂ ದೂರ ಇರುತ್ತದೆ.

ಹಿಡಿದ ಮೇಲೆ ಸಾರು ಮಾಡಬಹುದಾ?

ಮಾಡಬಹುದು, ಕಾನೂನಿನ ಅಳತೆಯೊಳಗೆ. ಬಿಳಿ ಮಾಂಸ, ಮುಳ್ಳು ಕಮ್ಮಿ, ನಮ್ಮ ಮಸಾಲೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಬಾಸ್ ಹಿಡಿಯುವವರಲ್ಲಿ ಬಹುಪಾಲು ಜನ ಬಿಟ್ಟುಬಿಡುತ್ತಾರೆ. ನಾನೂ ಬಿಡುತ್ತೇನೆ. ಸಾರು ತಿನ್ನಲೇಬೇಕು ಅನ್ನಿಸಿದರೆ ಕ್ಯಾಟ್‌ಫಿಷ್ ರುಚಿ ಜಾಸ್ತಿ. ಕ್ಯಾಡೋದಂಥ ಕೆಲವು ಕೆರೆಗಳ ಬಾಸ್‌ನಲ್ಲಿ ಪಾದರಸ ಇದೆಯೆಂದು ಸರ್ಕಾರದ ಎಚ್ಚರಿಕೆ ಇದೆ, ತಿನ್ನುವ ಮುಂಚೆ ಆ ಪಟ್ಟಿ ನೋಡಿ.

ಎಷ್ಟು ದೊಡ್ಡದು ಸಿಗುತ್ತದೆ?

ನನಗೆ ಸಿಕ್ಕಿದ್ದರಲ್ಲಿ ದೊಡ್ಡದು 21 ಇಂಚು. ಜಗತ್ತಿನ ದಾಖಲೆ 22 ಪೌಂಡ್ 4 ಔನ್ಸ್, 1932ರಲ್ಲಿ ಜಾರ್ಜಿಯಾ ರಾಜ್ಯದ ಮಾಂಟ್ಗೊಮರಿ ಲೇಕ್‌ನಲ್ಲಿ ಜಾರ್ಜ್ ಪೆರ್ರಿ ಹಿಡಿದದ್ದು. ಬಡ ರೈತ, ಮೀನನ್ನು ತೂಗಿಸಿ ಮನೆಗೊಯ್ದು ತಿಂದರು. 2009ರಲ್ಲಿ ಜಪಾನಿನ ಬೀವಾ ಕೆರೆಯಲ್ಲಿ ಮನಾಬು ಕುರಿತಾ ಹೆಚ್ಚುಕಮ್ಮಿ ಅಷ್ಟೇ ತೂಕದ್ದು ಹಿಡಿದು ಸರಿಸಮ ಆದರು. ಟೆಕ್ಸಾಸ್ ದಾಖಲೆ 18.18 ಪೌಂಡ್, 1992, ಲೇಕ್ ಫೋರ್ಕ್. ಗ್ವಾಡಲೂಪ್ ಬಾಸ್‌ನ ದಾಖಲೆ ಎಷ್ಟು ಗೊತ್ತಾ? 3.71 ಪೌಂಡ್, ಕೊಲರಾಡೋ ನದಿಯಲ್ಲೇ. ಅಂದರೆ ನಾವು ಪ್ರತಿ ವಾರ ಹೋಗುವ ನೀರಿನಲ್ಲಿ.

ಕಯಾಕ್ ಸ್ಪರ್ಧೆಗಳು ಹೇಗೆ ನಡೆಯುತ್ತವೆ?

ತೂಕದ ಲೆಕ್ಕವಿಲ್ಲ, ಉದ್ದದ ಲೆಕ್ಕ. ಮೀನನ್ನು ಅಳತೆ ಹಲಗೆಯ ಮೇಲೆ ಮಲಗಿಸಿ, ಬಾಯಿ ಮುಚ್ಚಿಸಿ, ಆ ದಿನದ ಗುರುತಿನ ಸಂಖ್ಯೆ ಕಾಣುವಂತೆ ಫೋಟೋ ತೆಗೆದು, ಅಲ್ಲೇ ಬಿಡಬೇಕು. ಐದು ಉದ್ದನೆಯ ಮೀನುಗಳ ಇಂಚು ಕೂಡಿಸುತ್ತಾರೆ, ಕಾಲು ಇಂಚಿಗೂ ಬೆಲೆ. ಫೋಟೋ ಫೋನಿನಿಂದಲೇ ಹೋಗುತ್ತದೆ. ಬಾಸ್ ಹಿಡಿಯುವ ದೊಡ್ಡ ಸ್ಪರ್ಧೆಗಳನ್ನು ನಡೆಸುವ ಬಾಸ್‌ಮಾಸ್ಟರ್‌ನವರು 2020ರಿಂದ ಕಯಾಕ್‌ಗೇ ಬೇರೆ ಸರಣಿ ನಡೆಸುತ್ತಿದ್ದಾರೆ, ಹೋಬಿಯವರೂ ನಡೆಸಿದ್ದಾರೆ. ನಾನು ಊರಿನ ಸಣ್ಣ ಸ್ಪರ್ಧೆಯಲ್ಲಿ ಒಮ್ಮೆ ಸೇರಿದ್ದೆ. 19 ಇಂಚಿನದು ಹಲಗೆಯ ಮೇಲಿಂದ ಹಾರಿ ನೀರಿಗೆ ಹೋಯಿತು, ಫೋಟೋದಲ್ಲಿ ಬಾಲ ಮಾತ್ರ ಬಂದಿದೆ. ಅದನ್ನು ಇನ್ನೂ ಅಳಿಸಿಲ್ಲ.

ಕರ್ನಾಟಕದಲ್ಲಿ ಇದನ್ನು ಮಾಡಬಹುದಾ?

ಬಾಸ್‌ಗಾಗಿ ಅಲ್ಲ, ಅದು ನಮ್ಮ ನದಿಗಳ ಮೀನಲ್ಲ. ತಂದು ಬಿಡಬೇಕು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ ಅನ್ನಿ. ಹೊರಗಿನ ಬೇಟೆಗಾರ ಮೀನು ಇದ್ದದ್ದನ್ನೆಲ್ಲ ತಿಂದು ಮುಗಿಸುತ್ತದೆ. ನಮ್ಮಲ್ಲಿ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕಳಿಯಲ್ಲಿ ಹರಿಗೋಲಿನಲ್ಲಿ ಕೂತು ಮಹಶೀರ್ ಹಿಡಿದು ಬಿಡುವ ಶಿಬಿರಗಳು ವರ್ಷಗಟ್ಟಲೆ ನಡೆದವು. ಅದು ವನ್ಯಧಾಮದ ಜಾಗ, ಕಾನೂನಿನ ಕಾರಣಕ್ಕೆ ಆಮೇಲೆ ನಿಂತಿತು. ಕಾವೇರಿಯ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ, 2018ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅತಿ ಅಪಾಯದ ಪಟ್ಟಿಗೆ ಸೇರಿಸಿತು. ಜಲಾಶಯಗಳಲ್ಲಿ ಮೀನಿನ ಹಕ್ಕು ಸಂಘಗಳಿಗೋ ಗುತ್ತಿಗೆದಾರರಿಗೋ ಇರುತ್ತದೆ, ಕೇಳದೆ ಇಳಿಯಬೇಡಿ.

ಮೊದಲ ಸಲ ಎಲ್ಲಿಗೆ ಹೋಗಲಿ?

ಆಸ್ಟಿನ್‌ನವರಾದರೆ ಲೇಡಿ ಬರ್ಡ್ ಲೇಕ್. ಹೆಸರು ಲೇಕ್, ನಿಜಕ್ಕೆ ಕೊಲರಾಡೋ ನದಿಗೇ ಲಾಂಗ್‌ಹಾರ್ನ್ ಅಣೆಕಟ್ಟು ಕಟ್ಟಿ 1960ರಲ್ಲಿ ನಿಲ್ಲಿಸಿದ ನೀರು. ಪೆಟ್ರೋಲ್ ಬೋಟ್ ಬಿಡುವುದಿಲ್ಲ, ಆದ್ದರಿಂದ ಅಲೆ ಇಲ್ಲ. ಊರ ನಡುವೆಯೇ ಇದೆ, ಬಾಡಿಗೆ ಕಯಾಕ್ ಸಿಗುತ್ತದೆ. ಈಜುವಂತಿಲ್ಲ ಎಂಬ ನಿಯಮವಿದೆ, ಬಿದ್ದರೆ ಬೈಯುವುದಿಲ್ಲ. ಸೈಪ್ರೆಸ್ ಮರಗಳ ಬೇರು ನೀರೊಳಗೆ ಇಳಿದಿರುತ್ತವೆ, ವ್ಯಾಕಿ ಹುಳು ಎಸೆಯಲು ಅದಕ್ಕಿಂತ ಒಳ್ಳೆ ಜಾಗ ಬೇಡ. ಸಂಜೆಯಾದರೆ ಕಾಂಗ್ರೆಸ್ ಅವೆನ್ಯೂ ಸೇತುವೆ ಕಡೆ ಬನ್ನಿ. ಬೇಸಿಗೆಯಲ್ಲಿ ಸುಮಾರು 15 ಲಕ್ಷ ಬಾವಲಿಗಳು ಅದರ ಸಂದಿಗಳಿಂದ ಹೊಗೆಯ ಹಾಗೆ ಹೊರಡುತ್ತವೆ. ಎಲ್ಲರೂ ಬಾಯಿ ತೆರೆದು ಮೇಲೆ ನೋಡುತ್ತಿರುತ್ತಾರೆ. ನೀವು ಬಾಯಿ ಮುಚ್ಚಿಕೊಂಡು ನೋಡಿ, ಮೇಲಿಂದ ಏನೇನೋ ಬೀಳುತ್ತದೆ.

ಮನೆಗೆ ಬಂದ ಮೇಲೆ ಏನಾದರೂ ಕೆಲಸ ಇದೆಯಾ?

ಇದೆ, ಕಾನೂನಿನದೇ. ಝೀಬ್ರಾ ಮಸಲ್ ಅನ್ನುವ ಉಗುರಿನಷ್ಟು ದೊಡ್ಡ ಚಿಪ್ಪಿನ ಜೀವಿ 2017ರಲ್ಲಿ ಲೇಕ್ ಟ್ರಾವಿಸ್‌ಗೆ ಬಂತು. ಮರಿಗಳು ಕಣ್ಣಿಗೆ ಕಾಣುವುದಿಲ್ಲ, ಒಂದು ಲೋಟ ನೀರಿನಲ್ಲೂ ಬೇರೆ ಕೆರೆಗೆ ಹೋಗಿಬಿಡುತ್ತವೆ. ಅದಕ್ಕೆ ಕಯಾಕ್ ಆದರೂ ನೀರಿನಿಂದ ತೆಗೆದ ಕೂಡಲೇ ಒಳಗಿನ ನೀರೆಲ್ಲ ಅಲ್ಲೇ ಚೆಲ್ಲಬೇಕು, ಗಿಡ ಅಂಟಿದ್ದರೆ ಕೀಳಬೇಕು, ಮನೆಯಲ್ಲಿ ಬಿಸಿಲಿಗೆ ಒಣಗಿಸಬೇಕು. ರಬ್ಬರ್ ಹುಳುಗಳ ಪ್ಯಾಕೆಟ್ ಕಾರಿನಲ್ಲಿ ಬಿಡಬೇಡಿ, ಬಿಸಿಲಿಗೆ ಕರಗಿ ಸೀಟಿಗೆ ಅಂಟುತ್ತವೆ. ಅಡುಗೆಮನೆಯ ಡ್ರಾಯರ್‌ನಲ್ಲೂ ಇಡಬೇಡಿ. ಇಟ್ಟು ನೋಡಿದ್ದೇನೆ.